ಮುಟ್ಟಿದರೆ ಹೊರಟಿತು, ಹಿಡಿದರೆ ರದ್ದು

ಬಸ್ ನಿಲ್ದಾಣದ ಫಲಕದ ಗುಮಾಸ್ತರನ್ನು ಎಲ್ಲರೂ ಇಂಜಿನಿಯರ್ ಎಂದು ಕರೆಯುತ್ತಿದ್ದರು. ಇಂಜಿನಿಯರಿಂಗ್ ಕಾಲೇಜಿನ ಗೇಟನ್ನು ಅವರು ಹೊರಗಿನಿಂದ ನೋಡಿದ್ದರೇ ಹೊರತು ಒಳಗೆ ಹೋದವರಲ್ಲ. ಹಿಂದೊಮ್ಮೆ ಕಚೇರಿಯ ಗೋಡೆ ಗಡಿಯಾರ ನಿಂತುಹೋದಾಗ ಅದನ್ನು ಬಿಚ್ಚಿ, ಒಳಗಿನದನ್ನೆಲ್ಲ ಮೇಜಿನ ಮೇಲೆ ಹರಡಿ, ಮತ್ತೆ ಜೋಡಿಸಿದ್ದರು. ಅಂದಿನಿಂದ ಗಡಿಯಾರ ಓಡುತ್ತಿತ್ತು, ಆದರೆ ಹಿಂದಕ್ಕೆ. "ನಿಂತಿದ್ದು ಓಡೋ ಹಾಗೆ ಮಾಡಿದ್ದೀನಿ. ಯಾವ ಕಡೆಗೆ ಅನ್ನೋದು ಆಮೇಲಿನ ಮಾತು" ಎಂದು ಅವರು ಹೇಳಿದ ದಿನವೇ ಆ ಬಿರುದು ಅಂಟಿಕೊಂಡಿತು. ಅದು ಗೇಲಿಯೆಂದು ಇಡೀ ನಿಲ್ದಾಣದಲ್ಲಿ ಅವರೊಬ್ಬರಿಗೆ ಮಾತ್ರ ಗೊತ್ತಾಗಿರಲಿಲ್ಲ.

ಕೆಲಸವೇನೂ ಸಣ್ಣದಲ್ಲ. ನಿಲ್ದಾಣದ ಮಧ್ಯದ ಗಾಜಿನ ಕೋಣೆಯಲ್ಲಿ ಕುಳಿತು ಬಸ್ಸಿನ ನಂಬರು, ಅದರ ಮುಂದೆ 'ಹೊರಡುತ್ತಿದೆ' ಅಥವಾ 'ರದ್ದು' ಎಂದು ಟೈಪು ಮಾಡಿದರೆ ಹೊರಗೆ ಜನರ ನೆತ್ತಿಯ ಮೇಲೆ ತೂಗುವ ದೊಡ್ಡ ಫಲಕದಲ್ಲಿ ಅದು ಕೆಂಪಕ್ಷರಗಳಲ್ಲಿ ಬೆಳಗುತ್ತಿತ್ತು. ಹೊರಹೋಗುವ ಗೇಟಿನ ಮೇಲೆ ಚಾಲಕರಿಗೆ ಕಾಣುವಂತೆ ಇನ್ನೊಂದು ಮರಿ ಫಲಕವಿತ್ತು. ಮೇಲ್ವಿಚಾರಕ ಸಾಹೇಬರು ಈ ನಿಲ್ದಾಣಕ್ಕೆ ಬಂದ ಹೊಸದರಲ್ಲಿ ಒಂದು ಆದೇಶ ಹೊರಡಿಸಿದ್ದರು. ಫಲಕದಲ್ಲಿ ಬಂದದ್ದೇ ಅಂತಿಮ, ಬಾಯಿಮಾತಿಗೆ ಯಾವ ಬಸ್ಸೂ ಹೊರಡತಕ್ಕದ್ದಲ್ಲ, ನಿಲ್ಲತಕ್ಕದ್ದೂ ಅಲ್ಲ. ಯಾರೋ ಕೈ ಬೀಸಿದರೆಂದು ಹೊರಟುಬಿಟ್ಟ ಏಳನೆಯ ನಂಬರಿನ ಚಾಲಕರು ನೋಟಿಸು ತಿಂದ ಮೇಲೆ ಫಲಕದ ಮಾತಿಗೆ ಎದುರಾಡುವವರೇ ಇರಲಿಲ್ಲ. ಹಾಗೆ ನೋಡಿದರೆ ಆ ಊರಿನ ಬಸ್ಸುಗಳನ್ನೆಲ್ಲ ಓಡಿಸುತ್ತಿದ್ದದ್ದು ನಮ್ಮ ಗುಮಾಸ್ತರ ಬೆರಳುಗಳೇ.

ಇಂಥ ಬೆರಳುಗಳಿಗೆ ಕಚೇರಿಯ ಹಳೆಯ ಕೀಬೋರ್ಡು ತಕ್ಕದ್ದಲ್ಲ ಎಂದು ಅವರಿಗೆ ಅನ್ನಿಸಿದ್ದು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ ಮೇಲೆ. ಯಾರೋ ಒಬ್ಬ ಬಿಡಿಬಿಡಿ ಕೀಲಿಗಳನ್ನು ತಂದು, ಅವುಗಳ ಬೆನ್ನಿಗೆ ತಾನೇ ತಂತಿ ಬೆಸೆದು, ತನಗೆ ಬೇಕಾದಂಥ ಕೀಬೋರ್ಡನ್ನು ಕೈಯಾರೆ ಮಾಡಿಕೊಂಡಿದ್ದ. ಯಾವ ಕೀಲಿ ಒತ್ತಿದರೆ ಏನು ಬರಬೇಕೆಂಬ ನಕ್ಷೆಯನ್ನೂ ಅವನೇ ಬರೆದಿದ್ದ. ಗುಮಾಸ್ತರು ಅದನ್ನು ಕಣ್ಣು ಮಿಟುಕಿಸದೆ ನೋಡಿದರು. ಮಾರನೆಯ ದಿನದಿಂದ ಮನೆಯ ಊಟದ ಮೇಜು ಊಟಕ್ಕೆ ಸಿಗಲಿಲ್ಲ.

ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವಾಗ ಗುಮಾಸ್ತರು ಮೇಜಿನ ಮೇಲೆ ತಂತಿ ಹೆಣೆಯುತ್ತಿದ್ದರು. ಅಡ್ಡ ಸಾಲಿಗೊಂದು ತಂತಿ, ಉದ್ದ ಸಾಲಿಗೊಂದು ತಂತಿ. ಪ್ರತಿ ಕೀಲಿಯ ಕಾಲಿಗೂ ಒಂದು ಡಯೋಡು. ಅದು ವಿದ್ಯುತ್ತಿಗೆ ಏಕಮುಖ ಸಂಚಾರದ ರಸ್ತೆಯಿದ್ದಂತೆ ಎಂದು ಹೆಂಡತಿಗೆ ವಿವರಿಸಿದರು. ಮೊದಲ ಸಲ ಅಷ್ಟೂ ಡಯೋಡುಗಳನ್ನು ತಿರುಗುಮುರುಗಾಗಿ ಬೆಸೆದು, ಒಂದು ಕೀಲಿಯೂ ಉಸಿರೆತ್ತದಿದ್ದಾಗ ಎಲ್ಲವನ್ನೂ ಕಿತ್ತು ಮತ್ತೆ ಬೆಸೆದರು. ಗಡಿಯಾರದಲ್ಲಿ ಆದದ್ದೇ ಇಲ್ಲೂ ಆಯಿತಲ್ಲ ಎಂದು ಹೆಂಡತಿ ಅಂದದ್ದನ್ನು ಕೇಳಿಸಿಕೊಳ್ಳಲಿಲ್ಲ. ಆ ಭರದಲ್ಲಿ ಒಮ್ಮೆ ಕಾದ ಸೋಲ್ಡರಿಂಗ್ ಕಡ್ಡಿಯ ತುದಿಗೇ ತೋರುಬೆರಳು ತಗುಲಿತು. ಅವರು ಕೈ ಕಿತ್ತುಕೊಂಡ ವೇಗಕ್ಕೆ ಮೇಜಿನ ಮೇಲಿದ್ದ ಕೀಲಿಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ಅಳಿಯಂದಿರು ಯಾವ ಕೆಲಸಾನೂ ಇಷ್ಟು ಚುರುಕಾಗಿ ಮಾಡಿದ್ದು ನಾನು ಕೇಳೇ ಇಲ್ಲ" ಎಂದರು ಮೂಲೆಯ ಕುರ್ಚಿಯಲ್ಲಿದ್ದ ಅತ್ತೆ.

ಕೇಳಿಲ್ಲ ಎಂದದ್ದು ಸರಿಯೇ. ಅವರಿಗೆ ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದು ಮಗಳ ಮುಖವೂ ಮಸುಕು, ಅಳಿಯನ ಮುಖವೂ ಮಸುಕು. ಪಕ್ಕದೂರಿನ ಕಣ್ಣಾಸ್ಪತ್ರೆಗೆ ಆಗೊಮ್ಮೆ ಈಗೊಮ್ಮೆ ಬರುವ ದೊಡ್ಡ ಡಾಕ್ಟರ ಸರದಿಗಾಗಿ ಕಾಯುತ್ತ ಮಗಳ ಮನೆಯಲ್ಲಿದ್ದರು. ಆದರೂ ಆ ಮನೆಯಲ್ಲಿ ಕೀಬೋರ್ಡನ್ನು ಹೊಗಳಿದವರು ಅವರೊಬ್ಬರೇ. ಗುಮಾಸ್ತರು ಒಂದೊಂದು ಭಾಗವನ್ನೂ ವರ್ಣಿಸುತ್ತಿದ್ದರೆ ಅತ್ತೆ ತಲೆದೂಗಿ, "ಕೇಳ್ತಿದ್ರೇನೇ ಗೊತ್ತಾಗುತ್ತೆ, ಭಾರಿ ವಸ್ತು" ಎನ್ನುತ್ತಿದ್ದರು. ಗುಮಾಸ್ತರಿಗೆ ಅತ್ತೆಯ ಮೇಲೆ ಹೆತ್ತ ತಾಯಿಯ ಮೇಲಿದ್ದಷ್ಟೇ ಪ್ರೀತಿ ಹುಟ್ಟಿದ್ದು ಆ ದಿನಗಳಲ್ಲಿ.

ತಂತಿ ಮುಗಿದ ಮೇಲೆ ಫರ್ಮ್‌ವೇರ್ ಬಂತು. ಕೀಬೋರ್ಡಿನ ಹೊಟ್ಟೆಯೊಳಗಿನ ಪುಟ್ಟ ಬೋರ್ಡಿಗೆ ತುಂಬುವ ಪ್ರೋಗ್ರಾಮು ಅದು. ಕೀಲಿಗಳ ನಕ್ಷೆ ಇರುವುದೂ ಅದರಲ್ಲೇ. ಗುಮಾಸ್ತರ ನಕ್ಷೆಯಲ್ಲಿ ಅಕ್ಷರಗಳೇ ಇರಲಿಲ್ಲ. ಒಂದು ಬಸ್ಸಿಗೆ ಒಂದು ಕೀಲಿ. ಹಾಗೆ ಮುಟ್ಟಿ ಬಿಟ್ಟರೆ ಆ ಬಸ್ಸು 'ಹೊರಡುತ್ತಿದೆ'. ಅದೇ ಕೀಲಿಯನ್ನು ಕೊಂಚ ಹೊತ್ತು ಒತ್ತಿ ಹಿಡಿದರೆ 'ರದ್ದು'. ಕೊಂಚ ಹೊತ್ತು ಎಂದರೆ ಎಷ್ಟು ಎಂಬುದನ್ನು ಪ್ರೋಗ್ರಾಮಿಗೆ ಹೇಳಬೇಕಿತ್ತು. ಅದಕ್ಕಾಗಿ ಗುಮಾಸ್ತರು ಭಾನುವಾರ ಹೊಟ್ಟೆತುಂಬ ಉಂಡು, ಕುರ್ಚಿಗೆ ಒರಗಿ, ಕಾಲು ಚಾಚಿ, ಹಾಡು ಗುನುಗುತ್ತ ತಮ್ಮ ಬೆರಳಿನ ವೇಗ ಅಳೆದುಕೊಂಡರು. ಬೆರಳು ಕೀಲಿಯ ಮೇಲೆ ಕೂತದ್ದೇ ಗೊತ್ತಾಗಲಿಲ್ಲ. ಆ ಲೆಕ್ಕದಲ್ಲಿ ಕಣ್ಣೆವೆ ಬಡಿಯುವಷ್ಟು ಹೊತ್ತಿನ ಮಿತಿ ಹಾಕಿದರು. ಕೆಲಸದ ದಿನ ಮೇಲಿನವರು ಬಂದು ಬೆನ್ನ ಹಿಂದೆ ನಿಂತರೆ ಬೆರಳು ಹೇಗಿರುತ್ತದೆ ಎಂಬ ಯೋಚನೆ ಅವರ ಹತ್ತಿರಕ್ಕೂ ಸುಳಿಯಲಿಲ್ಲ.

ಕೀಲಿಗಳ ಮೇಲೆ ಏನನ್ನೂ ಬರೆಯಲಿಲ್ಲ. ಗೊತ್ತಿರುವವನಿಗೆ ಬರಹ ಯಾಕೆ ಎಂಬುದು ಅವರ ಠೇಂಕಾರ. ಕಂಪ್ಯೂಟರಿಗೆ ಸೇರಿಸುವ ಕೇಬಲ್ಲು ಬೇಕಾದಾಗ ಕಚೇರಿಯ ಹಳೆಯ ಕೀಬೋರ್ಡಿನದನ್ನೇ ಕತ್ತರಿಸಿ ಇದಕ್ಕೆ ಬೆಸೆದರು. ಹೊಸದು ಬಂದ ಮೇಲೆ ಹಳೆಯದು ಯಾರಿಗೆ ಬೇಕು?

ಮೊದಲ ಕೆಲವು ದಿನ ಎಲ್ಲವೂ ಸುಸೂತ್ರ. ಗುಮಾಸ್ತರು ಟಿಕ್ ಟಿಕ್ ಎನ್ನಿಸಿದರೆ ಬಸ್ಸುಗಳು ಸಾಲಾಗಿ ಹೊರಡುತ್ತಿದ್ದವು. ಅವರು ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಕುಳಿತು, ಇಡೀ ಇಲಾಖೆಯಲ್ಲಿ ಇಂಥದ್ದು ಇನ್ನೊಂದಿಲ್ಲ, ಸಾಹೇಬರೇ ಬಂದರೂ ಇದನ್ನು ಮುಟ್ಟಲಾರರು ಎಂದು ಜಂಬ ಕೊಚ್ಚಿದರು. ಆ ಮಾತು ಸಾಹೇಬರ ಕಿವಿಗೆ ಬೀಳಲು ಹೆಚ್ಚು ದಿನ ಬೇಕಾಗಲಿಲ್ಲ.

ಸಾಹೇಬರು ಗಾಜಿನ ಕೋಣೆಗೆ ಬಂದ ದಿನವೇ ಅತ್ತೆಯ ಸರದಿಯೂ ಬಂದಿತ್ತು. ಸಂಜೆಯೊಳಗೆ ಆಸ್ಪತ್ರೆಗೆ ಸೇರಿಕೊಂಡರೆ ಮಾರನೆಯ ದಿನ ಡಾಕ್ಟರು ಮೊದಲ ಕಣ್ಣನ್ನು ಮುಟ್ಟುತ್ತಾರೆ. ತಪ್ಪಿದರೆ ಅವರು ಮತ್ತೆ ಈ ಕಡೆ ಬರುವತನಕ ಕಾಯಬೇಕು, ಅಷ್ಟು ದಿನ ಆ ಕಣ್ಣು ಕಾಯುವುದಿಲ್ಲ ಎಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಅಲ್ಲಿಗೆ ಸಂಜೆಯೊಳಗೆ ಮುಟ್ಟುವ ಕೊನೆಯ ಬಸ್ಸೆಂದರೆ ಏಳನೆಯ ನಂಬರು. ಹೆಂಡತಿ ಅಮ್ಮನನ್ನು ಕೈ ಹಿಡಿದು ಕರೆತಂದು ಅದರ ಮುಂದಿನ ಸೀಟಿನಲ್ಲಿ ಕೂರಿಸಿದ್ದು ಗಾಜಿನ ಕೋಣೆಯಿಂದ ಸ್ಪಷ್ಟವಾಗಿ ಕಾಣುತ್ತಿತ್ತು.

"ಎಲ್ಲಿ, ಮಾಡಿ ತೋರ್ಸಿ" ಎಂದರು ಸಾಹೇಬರು. ಕುರ್ಚಿಯ ಹಿಂದೆ, ಕೈ ಕಟ್ಟಿಕೊಂಡು, ಗುಮಾಸ್ತರ ಕತ್ತಿಗೆ ಉಸಿರು ತಾಗುವಷ್ಟು ಹತ್ತಿರ ನಿಂತರು.

ಗುಮಾಸ್ತರು ಮೂರನೆಯ ನಂಬರಿನ ಕೀಲಿ ಮುಟ್ಟಿದರು. ಮುಟ್ಟಿದೆನೆಂದು ಅವರು ಅಂದುಕೊಂಡರು. ಬೆರಳು ಮಾತ್ರ ಬೆವರಿ, ಹೆದರಿ, ಅಲ್ಲೇ ಅಂಟಿಕೊಂಡಿತು. ಹೊರಗೆ ಫಲಕದ ಮೇಲೆ 'ಮೂರು, ರದ್ದು' ಎಂದು ಕೆಂಪಗೆ ಹೊತ್ತಿತು.

"ಇದೇನ್ರೀ, ರದ್ದು?"

"ತಾಂತ್ರಿಕ ಕಾರಣ ಸಾರ್. ಈಗ ಸರಿಹೋಗುತ್ತೆ."

ಮತ್ತೆ ಒತ್ತಿದರು. ಫಲಕ ಒಮ್ಮೆ ಮಿನುಗಿ ಮತ್ತೆ 'ರದ್ದು' ಎಂದಿತು. ಮಾತು ಮರೆಸಲು ಐದನೆಯದನ್ನು ಒತ್ತಿದರು. ಐದೂ ರದ್ದು. ಸಾಹೇಬರು ಗಂಟಲು ಸರಿಮಾಡಿಕೊಂಡರು. ಆ ಸದ್ದಿಗೆ ನಾಲ್ಕನೆಯದೂ ರದ್ದಾಯಿತು. ಹೊರಗಿನ ಜನ ಬಂದು ಗಾಜು ಬಡಿಯತೊಡಗಿದರು. ಒಂದೊಂದು ಬಡಿತಕ್ಕೂ ಗುಮಾಸ್ತರ ಬೆರಳು ಕಲ್ಲಾಗುತ್ತಿತ್ತು. ಬೆರಳು ಕಲ್ಲಾದಷ್ಟೂ ಬಸ್ಸುಗಳು ರದ್ದಾಗುತ್ತಿದ್ದವು, ರದ್ದಾದಷ್ಟೂ ಗಾಜು ಬಡಿಯುವವರು ಹೆಚ್ಚುತ್ತಿದ್ದರು. ಈ ಚಕ್ರದಿಂದ ಹೊರಬರುವ ದಾರಿ ಅವರ ನಕ್ಷೆಯಲ್ಲಿ ಇರಲಿಲ್ಲ.

"ಏಳನೇದು ಹೊರಡೋ ಹೊತ್ತಾಯ್ತು. ಅದನ್ನಾದ್ರೂ ನೆಟ್ಟಗೆ ಕಳ್ಸಿ" ಎಂದರು ಸಾಹೇಬರು.

ಗುಮಾಸ್ತರು ತಲೆಯೆತ್ತಿ ಬಸ್ಸಿನ ಕಡೆ ನೋಡಿದರು. ಕಿಟಕಿಯಲ್ಲಿ ಅತ್ತೆಯ ಬಿಳಿಯ ತಲೆ. ಇದೊಂದು ತಪ್ಪಾದರೆ ಆ ಕಣ್ಣು ಹೋಯಿತು ಎಂದು ನೆನೆದು, ಇದ್ದಬದ್ದ ಶ್ರದ್ಧೆಯನ್ನೆಲ್ಲ ಬೆರಳಿಗೆ ತಂದುಕೊಂಡು, ಇಷ್ಟು ವರ್ಷದ ಚಾಕರಿಯಲ್ಲಿ ಯಾವ ಕೀಲಿಯನ್ನೂ ಒತ್ತದಷ್ಟು ಭಕ್ತಿಯಿಂದ ಏಳನೆಯದನ್ನು ಒತ್ತಿದರು.

ಏಳು, ರದ್ದು.

ಚಾಲಕರು ಫಲಕ ನೋಡಿದರು. ಎಂಜಿನ್ ನಿಲ್ಲಿಸಿದರು. ಚಾವಿ ತೆಗೆದು ಜೇಬಿಗೆ ಹಾಕಿಕೊಂಡು ಕೆಳಗಿಳಿದರು. ಬಸ್ಸಿನಲ್ಲಿದ್ದವರೆಲ್ಲ ಗೊಣಗುತ್ತ ಗಂಟುಮೂಟೆ ಇಳಿಸಿದರು. ಹೆಂಡತಿ ಗಾಜಿನ ಕೋಣೆಯ ಕಡೆ ದಾಪುಗಾಲು ಹಾಕಿದಳು. ಬಸ್ಸಿನಲ್ಲಿ ಉಳಿದವರು ಅತ್ತೆ ಒಬ್ಬರೇ, ಅವರಿಗೆ ಫಲಕ ಕಾಣುವುದಿಲ್ಲವಲ್ಲ.

"ರೀ, ಏನ್ ಮಾಡಿದ್ರಿ?" ಎಂದಳು ಹೆಂಡತಿ. ದನಿ ಏರಿಸಲಿಲ್ಲ. ಅದೇ ಹೆಚ್ಚು ಭಯವಾಗುವಂತಿತ್ತು.

"ಬೆರಳು ಸ್ವಲ್ಪ ಹೆಚ್ಚು ಹೊತ್ತು ಕೂತುಬಿಡ್ತಿದೆ ಕಣೆ. ಮಿತಿ ಕಡಿಮೆ ಇಟ್ಟಿದ್ದೀನಿ. ಪ್ರೋಗ್ರಾಮಲ್ಲಿ ಒಂದು ಸಂಖ್ಯೆ ಬದಲಾಯಿಸಿದ್ರೆ ಆಯ್ತು."

"ಬದಲಾಯಿಸಿ ಮತ್ತೆ."

"ಅದು ಮನೆ ಕಂಪ್ಯೂಟರಲ್ಲಿದೆ. ಮನೆಗೆ ಹೋಗಕ್ಕೆ ಮೂರನೇ ನಂಬರ್ ಬಸ್ ಹಿಡೀಬೇಕು."

ಮೂವರೂ ಫಲಕದ ಕಡೆ ನೋಡಿದರು. ಮೂರು, ರದ್ದು.

"ಹಳೇ ಕೀಬೋರ್ಡ್ ಎಲ್ಲಿ?" ಎಂದರು ಸಾಹೇಬರು.

"ಅದರ ಕೇಬಲ್ಲೇ ಸಾರ್ ಇದು."

ಸಾಹೇಬರು ಬಗ್ಗಿ ಆ ಕೇಬಲ್ಲನ್ನು ನೋಡಿದರು. ಸರ್ಕಾರಿ ಆಸ್ತಿಯ ಮೇಲೆ ಕತ್ತರಿ ಆಡಿಸಿದವರ ಮೇಲೆ ಏನೇನು ಬರೆಯಬಹುದೆಂದು ಅವರು ಮನಸ್ಸಿನಲ್ಲೇ ಒಕ್ಕಣೆ ಶುರುಮಾಡಿದ್ದು ಮುಖದಲ್ಲಿ ಕಂಡಿತು. ಆಮೇಲೆ ಗುಮಾಸ್ತರನ್ನು ಪಕ್ಕಕ್ಕೆ ಸರಿಸಿ, "ಯಾವುದು ಏಳು?" ಎಂದು ಕೇಳಿ ತಾವೇ ಒತ್ತಿದರು. ಅವರು ಜೀವಮಾನವಿಡೀ ಸೀಲು ಒತ್ತಿದವರು. ಒತ್ತಿ, ಊರಿ, ಮಸಿ ಚೆನ್ನಾಗಿ ಹಿಡಿಯಲಿ ಎಂಬಂತೆ ಹೆಬ್ಬೆರಳನ್ನು ಕೊಂಚ ತಿರುವಿ, ಆಮೇಲೆ ತೆಗೆದರು. ರದ್ದು. ಹೆಂಡತಿ ಒತ್ತಿದಳು. ಗಂಡನ ಮೇಲಿನ ಸಿಟ್ಟೆಲ್ಲ ಆ ಕೀಲಿಯ ಮೇಲೆ ಕೂತಿತು. ರದ್ದು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚಾಲಕರು, "ಕೊಡಿ ಇಲ್ಲಿ, ಬಟನ್ ಒತ್ತೋದು ನನಗೇನು ಹೊಸದಾ" ಎಂದು ಬಂದು, ಘಾಟಿಯ ತಿರುವಿನಲ್ಲಿ ಹಾರ್ನು ಒತ್ತುವ ಹಾಗೆ ಅಂಗೈಯಿಂದಲೇ ಒತ್ತಿದರು. ಏಳರ ಜೊತೆ ಆರೂ ಎಂಟೂ ರದ್ದಾದವು.

"ಈ ಫಲಕದ ಗೊಡವೆ ಬೇಡ. ನಾನು ಹೇಳ್ತಿದ್ದೀನಿ, ಬಸ್ ತೆಗೀರಿ" ಎಂದರು ಸಾಹೇಬರು ಚಾಲಕರಿಗೆ.

"ಬಾಯಿಮಾತಿಗೆ ತೆಗೆಯೋ ಹಾಗಿಲ್ಲ ಸಾರ್. ತಮ್ಮದೇ ಆದೇಶ."

"ಆದೇಶ ಮಾಡಿದವನೇ ಹೇಳ್ತಿದ್ದೀನಲ್ರೀ."

"ಹೋದ ಸಲ ನೋಟಿಸ್ ಕೊಟ್ಟವರೂ ತಾವೇ ಸಾರ್" ಎಂದು ಚಾಲಕರು ವಿನಯದಿಂದ ಕೈ ಮುಗಿದರು.

ಹೊರಗೆ ನಿಲ್ದಾಣ ಕಿಕ್ಕಿರಿದಿತ್ತು. ಯಾವ ಬಸ್ಸೂ ಕದಲುತ್ತಿರಲಿಲ್ಲ, ಬರುವ ಬಸ್ಸುಗಳು ಗೇಟಿನ ಹೊರಗೆ ಸಾಲುಗಟ್ಟಿ ಹಾರ್ನು ಬಾರಿಸುತ್ತಿದ್ದವು. ಗೋಡೆಯ ಗಡಿಯಾರ ಮಾತ್ರ ಹಿಂದಕ್ಕೆ ಓಡುತ್ತ ಹೊತ್ತು ಬೇಕಾದಷ್ಟಿದೆ ಎನ್ನುತ್ತಿತ್ತು. ಗುಮಾಸ್ತರ ಕಣ್ಣಲ್ಲಿ ನೀರು ಬಂತು. ನೌಕರಿ ಹೋದರೆ ಹೋಗಲಿ, ತನ್ನ ಕೀಬೋರ್ಡನ್ನು ಹೊಗಳಿದ ಆ ಒಂದೇ ಜೀವದ ಕಣ್ಣನ್ನು ತಾನೇ ಕಳೆದೆನಲ್ಲ ಎಂದು ಅವರಿಗೆ ನಿಜವಾಗಿಯೂ ಸಂಕಟವಾಯಿತು.

ಅಷ್ಟರಲ್ಲಿ ಅತ್ತೆ ಗೋಡೆ ತಡವಿಕೊಂಡು ತಾವೇ ಬಂದರು. ಖಾಲಿ ಬಸ್ಸಿನಲ್ಲಿ ಕೂತು ಕೂತು ಬೇಜಾರಾಗಿ, ಇಳಿದು, ಅವರಿವರನ್ನು ಕೇಳಿಕೊಂಡು ಬಂದಿದ್ದರು. ಮಗಳು ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

"ಅಂದ್ರೆ, ಬೇಗ ಕೈ ತೆಗೆದ್ರೆ ಬಸ್ ಹೊರಡುತ್ತೆ?" ಎಂದರು ಅತ್ತೆ.

"ಹೌದು ಅತ್ತೆ. ಕೈ ಬರ್ತಾ ಇಲ್ಲ."

"ಅವತ್ತು ಆ ಕಾದ ಕಡ್ಡಿ ತಗುಲಿದಾಗ ಬಂತಲ್ಲ. ಈ ಬಟನ್ನೂ ಕಾದಿದೆ ಅಂದ್ಕೊಳ್ಳಿ."

ಗುಮಾಸ್ತರು ತೋರುಬೆರಳು ನೋಡಿಕೊಂಡರು. ಸುಟ್ಟ ಕಲೆ ಇನ್ನೂ ಕಪ್ಪಗಿತ್ತು. ಬೆರಳಿಗೂ ಅದು ನೆನಪಿತ್ತೆಂದು ಕಾಣುತ್ತದೆ. ಏಳನೆಯ ಕೀಲಿಗೆ ತಾಗಿದ್ದೇ ತಡ, ಮೊಣಕೈ ಹಿಂದೆ ಹಾರಿ ಸಾಹೇಬರ ಹೊಟ್ಟೆಗೆ ಬಡಿಯಿತು.

ಏಳು, ಹೊರಡುತ್ತಿದೆ.

ನಿಲ್ದಾಣದಲ್ಲಿ ಹೋ ಎಂಬ ಸದ್ದೆದ್ದಿತು. ಜನ ಗಂಟುಮೂಟೆ ಸಮೇತ ಏಳನೆಯ ಬಸ್ಸಿಗೆ ನುಗ್ಗಿದರು. ಚಾಲಕರು ಗಾಜಿನ ಕೋಣೆಯಿಂದ ಓಡಿದವರು ಹಾರಿ ಕೂತು ಚಾವಿ ತಿರುಗಿಸಿದರು. ಫಲಕ ಹೊರಡು ಎಂದ ಮೇಲೆ ಒಂದು ಗಳಿಗೆ ನಿಂತರೂ ನೋಟಿಸು ಬಂದೀತೆಂದು ಅವರ ಭಯ. ಗುಮಾಸ್ತರು ಹೊಟ್ಟೆ ಹಿಡಿದುಕೊಂಡ ಸಾಹೇಬರನ್ನೂ ಲೆಕ್ಕಿಸದೆ ಅತ್ತೆಯ ಎರಡೂ ಕೈ ಹಿಡಿದು, "ಹೊರಟಿತು ಅತ್ತೆ, ನಿಮ್ಮ ಬಸ್ಸು ಹೊರಟಿತು" ಎಂದು ಗದ್ಗದರಾದರು.

"ಸಂತೋಷ. ನಾನು ಇಲ್ಲೇ ಇದ್ದೀನಲ್ಲ" ಎಂದರು ಅತ್ತೆ.

ಹೆಂಡತಿ ಬಾಗಿಲಿಗೆ ಓಡಿದಳು. ಬಸ್ಸು ಆಗಲೇ ಜನರ ಆಚೆ ಗೇಟಿನತ್ತ ತಿರುಗಿತ್ತು. ಕೂಗಿದರೆ ಕೇಳುವಷ್ಟು ಹತ್ತಿರವಿರಲಿಲ್ಲ, ಕೇಳಿದ್ದರೂ ಬಾಯಿಮಾತಿಗೆ ನಿಲ್ಲುವ ಚಾಲಕರೂ ಅವರಲ್ಲ.

"ರೀ, ರದ್ದು ಮಾಡಿ. ಬೇಗ."

ಗುಮಾಸ್ತರು ಏಳನೆಯ ಕೀಲಿ ಒತ್ತಹೋದರು. ಈಗ ಬೆರಳು ನಿಲ್ಲಲೊಲ್ಲದು. ತಾಗಿದೊಡನೆ ಚಿಮ್ಮಿ ಬರುತ್ತಿತ್ತು. ಹೊರಡುತ್ತಿದೆ. ಮತ್ತೆ ಒತ್ತಿದರು. ಹೊರಡುತ್ತಿದೆ. ಮೂರು ಸಲ ಅಪ್ಪಣೆ ಸಿಕ್ಕ ಚಾಲಕರು ಇನ್ನಷ್ಟು ಹುರುಪಿನಿಂದ ಗೇರು ಬದಲಿಸಿದ್ದು ಇಲ್ಲಿಗೆ ಕೇಳಿಸಿತು.

"ಸಾರ್, ನೀವು ಒತ್ತಿ" ಎಂದಳು ಹೆಂಡತಿ. "ಆಗ ಒತ್ತಿದ್ರಲ್ಲ, ಸೀಲಿನ ಹಾಗೆ."

"ನಾನಾ? ಹೊರಟ ಬಸ್ ರದ್ದು ಮಾಡೋದು ಅಂದ್ರೆ..."

"ಒತ್ತಿ ಸಾರ್."

ಆ ದನಿಯಲ್ಲಿ ಯಾವ ಇಲಾಖೆಯ ಆದೇಶದಲ್ಲೂ ಇಲ್ಲದ ಒಂದು ಬಿಗಿಯಿತ್ತು. ಸಾಹೇಬರು ಮುಂದೆ ಬಂದು ಹೆಬ್ಬೆರಳು ಇಟ್ಟರು. ಒತ್ತಿದರು, ಊರಿದರು, ತಿರುವಿದರು. ಗೇಟಿನ ಮೇಲಿನ ಮರಿ ಫಲಕದಲ್ಲಿ 'ಏಳು, ರದ್ದು' ಹೊತ್ತಿತು. ಮುಂದಿನ ಚಕ್ರ ರಸ್ತೆಗೆ ಇಳಿಯುವುದರಲ್ಲಿದ್ದ ಬಸ್ಸು ಗಕ್ಕನೆ ನಿಂತಿತು. ಚಾಲಕರು ಎಂಜಿನ್ ಆರಿಸಿ, ಚಾವಿ ಜೇಬಿಗೆ ಹಾಕಿ, ಕೆಳಗಿಳಿದು, ಟೈರಿಗೆ ಒರಗಿ ನಿಂತರು. ಒಳಗಿದ್ದವರು ಏನು ಹೇಳಿದರೆಂದು ಇಲ್ಲಿ ಬರೆಯುವಂತಿಲ್ಲ.

ಅತ್ತೆಗೆ ಅವಸರವೇ ಇರಲಿಲ್ಲ. ಮಗಳ ಕೈ ಹಿಡಿದು, ದಾರಿಯಲ್ಲಿ ಹಳ್ಳ ಎಲ್ಲಿದೆ, ಕಲ್ಲು ಎಲ್ಲಿದೆ ಎಂದು ಕೇಳಿಕೊಳ್ಳುತ್ತ ಗೇಟಿನವರೆಗೆ ನಡೆದರು. ಗಾಜಿನ ಕೋಣೆಯಲ್ಲಿ ಗುಮಾಸ್ತರೂ ಸಾಹೇಬರೂ ಗಾಜಿಗೆ ಮುಖ ಒತ್ತಿ ನಿಂತಿದ್ದರು. ಬಿಳಿಯ ತಲೆ ಬಸ್ಸಿನ ಮೆಟ್ಟಿಲು ಹತ್ತಿ ಕಿಟಕಿಯಲ್ಲಿ ಕಾಣಿಸಿದ ಮೇಲೆ ಸಾಹೇಬರು ಎರಡು ಹೆಜ್ಜೆ ದೂರ ಸರಿದು, "ಈಗ ಮುಟ್ಟಿ. ಕಾದಿದೆ ನೋಡಿ, ಕಾದಿದೆ" ಎಂದರು. ಗುಮಾಸ್ತರು ಮುಟ್ಟಿದರು. ಬಸ್ಸು ಹೊರಟಿತು. ಆಮೇಲೆ ಮೂರು, ಐದು, ನಾಲ್ಕು ಎಲ್ಲವೂ ಒಂದೊಂದಾಗಿ ಹೊರಟವು.

ಗುಮಾಸ್ತರ ಮೇಲೆ ವರದಿ ಹೋಗಲಿಲ್ಲ. ಬರೆಯಲು ಕೂತಾಗ, ಹೊರಟ ಬಸ್ಸನ್ನು ಗೇಟಿನಲ್ಲಿ ರದ್ದು ಮಾಡಿದವರು ಯಾರು ಎಂಬಲ್ಲಿ ಸಾಹೇಬರ ಪೆನ್ನು ನಿಂತುಹೋಯಿತಂತೆ. ಬದಲಿಗೆ ಅವರು ಗುಮಾಸ್ತರನ್ನು ಕರೆದು, ಆ ಮಿತಿಯನ್ನು ಹೆಚ್ಚಿಸಬೇಕೆಂದು ಬಾಯಿಮಾತಿನಲ್ಲೇ ಹೇಳಿದರು. ಗುಮಾಸ್ತರು ಅಂದು ಮನೆಗೆ ಹೋದವರೇ ಫರ್ಮ್‌ವೇರನ್ನು ಹೊಸದಾಗಿ ತುಂಬಿದರು. ಇನ್ನು ಮೇಲೆ ಒಂದು ಪೂರ್ತಿ ಸೆಕೆಂಡು ಒತ್ತಿ ಹಿಡಿದರೆ ಮಾತ್ರ ರದ್ದು. ಎಂಥ ಬೆದರಿದ ಬೆರಳೂ ಅಷ್ಟು ಹೊತ್ತು ಕೂರುವುದಿಲ್ಲ ಎಂದು ಈ ಸಲ ಊಟಕ್ಕೆ ಮೊದಲೇ ಪರೀಕ್ಷಿಸಿ ಖಾತ್ರಿ ಮಾಡಿಕೊಂಡರು. ಸಾಹೇಬರು ಎರಡು ಸಲ ಬಂದು ಬೆನ್ನ ಹಿಂದೆ ನಿಂತರು. ಒಂದು ಬಸ್ಸೂ ರದ್ದಾಗಲಿಲ್ಲ.

ಅತ್ತೆಯ ಎರಡೂ ಕಣ್ಣಿನ ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮರಳಿ ಬಂದ ದಿನ ಏಳನೆಯ ಬಸ್ಸಿನಿಂದ ಇಳಿದವರು ಜೊತೆಗಿದ್ದ ಮಗಳ ಕೈಯನ್ನೂ ಹಿಡಿಯದೆ ನಿಲ್ದಾಣವನ್ನೆಲ್ಲ ನೋಡುತ್ತ, ಗೋಡೆಯ ಜಾಹೀರಾತುಗಳನ್ನೆಲ್ಲ ಗಟ್ಟಿಯಾಗಿ ಓದುತ್ತ ನೇರ ಗಾಜಿನ ಕೋಣೆಗೆ ಬಂದರು. ಗುಮಾಸ್ತರು ಮನೆಯ ಕಡೆ ಹೋಗುವ ಮೂರನೆಯ ಬಸ್ಸನ್ನು ಕಳುಹಿಸಲು ಬೆರಳು ಎತ್ತಿದ್ದರು.

"ಎಲ್ಲಿ ಅಳಿಯಂದಿರೇ, ಆ ಭಾರಿ ವಸ್ತು? ಅದನ್ನ ನೋಡಲೇಬೇಕು ಅಂತ ಬಂದೆ."

"ಇದೇ ಅತ್ತೆ."

ಅತ್ತೆ ಬಗ್ಗಿದರು. ಬೋಳು ಕೀಲಿಗಳನ್ನು ನೋಡಿದರು. ಪಕ್ಕದಿಂದ ಇಣುಕುವ ತಂತಿಗಳ ಸಿಕ್ಕನ್ನು ನೋಡಿದರು. ಗುಮಾಸ್ತರ ಬೆರಳು ಮೂರನೆಯ ಕೀಲಿಯ ಮೇಲಿಳಿದಿತ್ತು. ಅತ್ತೆ ಏನನ್ನುತ್ತಾರೋ ಎಂದು ಅವರು ಕಾದರು. ಅತ್ತೆ ಇನ್ನಷ್ಟು ಬಗ್ಗಿದರು. ಅಲ್ಲಲ್ಲಿ ಅಂಟಿಸಿದ್ದ ಟೇಪು, ಬೆಸುಗೆಯ ಉಂಡೆಗಳು, ಕತ್ತರಿಸಿ ಸೇರಿಸಿದ ಕೇಬಲ್ಲು, ಒಂದನ್ನೂ ಬಿಡದೆ ನೋಡಿದರು. ಆಮೇಲೆ ಹೊಸ ಕಣ್ಣುಗಳನ್ನು ಎತ್ತಿ ಅಳಿಯನ ಮುಖವನ್ನು ದಿಟ್ಟಿಸಿದರು. ಗುಮಾಸ್ತರು ಬೆರಳು ಎತ್ತುವುದನ್ನೇ ಮರೆತರು.

ಅತ್ತೆ ನಿಧಾನವಾಗಿ ಹೊರಗೆ ತಿರುಗಿ, ನೆತ್ತಿಯ ಮೇಲಿನ ದೊಡ್ಡ ಫಲಕವನ್ನು ಬದುಕಿನಲ್ಲೇ ಮೊದಲ ಸಲ ತಾವೇ ಓದಿದರು.

"ಮೂರು, ರದ್ದು" ಎಂದರು. ಆಮೇಲೆ ಮಗಳ ಕಡೆ ನೋಡಿ, "ಬಾರೇ, ಮನೆಗೆ ನಡ್ಕೊಂಡೇ ಹೋಗೋಣ" ಎಂದು ಚೀಲ ಎತ್ತಿಕೊಂಡರು.